ವಯಸ್ಸಾದ ಕಣ್ಣಿಗೆ ತಾಗಿದ ಗೀರು: ನೋವಿಲ್ಲವೆಂದು ಸುಮ್ಮನಿರಬೇಡಿ

ಹಾಸನೂರು: ಕಣ್ಣಿನ ಕಪ್ಪು ಭಾಗದ ಮೇಲೆ ಬಿಳಿ ಕಲೆ ಮೂಡಿದರೆ ತಾಳವಾಡಿ ಬೆಟ್ಟದ ಹಳ್ಳಿಗಳಲ್ಲಿ ಹಿರಿಯರು ‘ಕಣ್ಣಿಗೆ ಹೂ ಬಿದ್ದಿದೆ’ ಅನ್ನುತ್ತಾರೆ. ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋದರೆ ತಮಿಳಿನಲ್ಲೂ ಅದೇ ಮಾತು, ‘ಕಣ್ಣಿಲ್ ಪೂ ವಿಳುಂದಿರುಕ್ಕು’. ಎರಡೂ ಭಾಷೆಗಳಲ್ಲಿ ಹೂವಿನ ಹೆಸರು ಒಂದೇ. ಆದರೆ ಇದು ಬಾಡಿ ಉದುರುವ ಹೂವಲ್ಲ. ಒಮ್ಮೆ ಬಿದ್ದರೆ ಬಹುತೇಕ ಜೀವನಪೂರ್ತಿ ಉಳಿಯುವ ಗಾಯದ ಕಲೆ.

ಈ ಕಲೆಗೆ ಕಾರಣಗಳು ಹಲವು. ಹೊಲದಲ್ಲಿ ದುಡಿಯುವವರ ಮಟ್ಟಿಗೆ ಮುಖ್ಯವಾದ ಕಾರಣ ಒಂದಿದೆ, ಅದು ಕಣ್ಣಿಗೆ ತಾಗಿದ ಸಣ್ಣ ಗೀರು. ಕಬ್ಬಿನ ಗರಿ, ಮುಸುಕಿನ ಜೋಳದ ಎಲೆಯ ಅಂಚು, ರಾಗಿ ಒಕ್ಕಣೆಯ ಧೂಳು, ಲಂಟಾನದ ಕಡ್ಡಿ, ಬೇಲಿಯ ಮುಳ್ಳು ಇವೆಲ್ಲ ಇಲ್ಲಿಯ ದಿನನಿತ್ಯದ ಸಂಗತಿಗಳೇ. ಇಪ್ಪತ್ತರ ಹುಡುಗನಿಗೆ ತಾಗಿದರೆ ಕಣ್ಣು ಉರಿದು, ನೀರು ಸುರಿದು, ಸಾಮಾನ್ಯವಾಗಿ ಎರಡು ದಿನದಲ್ಲಿ ಸರಿಹೋಗುತ್ತದೆ. ಅದೇ ಗೀರು ಎಪ್ಪತ್ತರ ಅಜ್ಜನಿಗೆ ತಾಗಿದರೆ ಕಥೆಯೇ ಬೇರೆ. ಅಜ್ಜನಿಗೆ ಅಷ್ಟು ನೋವಾಗದಿರಬಹುದು. ಆದರೆ ಗಾಯ ಮಾಯಲು ಹೆಚ್ಚು ದಿನ ಬೇಕಾಗಬಹುದು, ಅಷ್ಟರೊಳಗೆ ಅದು ಹುಣ್ಣಾಗಿ ತಿರುಗಲೂಬಹುದು.

‘ನೋವಿಲ್ಲವಲ್ಲ, ಸಂತೆ ದಿನ ಹೋದರಾಯಿತು’ ಎಂಬ ಮಾತು ಕಣ್ಣನ್ನೇ ಕಳೆಯುವುದು ಹೀಗೆ. ವಯಸ್ಸಾದಂತೆ ಕಣ್ಣಿನ ಗಾಯ ಮಾಯುವ ರೀತಿಯಲ್ಲಿ ಆಗುವ ಬದಲಾವಣೆ ಏನು? ಏಕೆ? ಏನು ಮಾಡಬೇಕು? ಇಲ್ಲಿದೆ ವಿವರ.

ಗಡಿಯಾರದ ಗಾಜಿನಂತೆ ಒಂದು ಪರದೆ

ಕಣ್ಣಿನ ಕಪ್ಪು ಭಾಗದ ಮುಂದೆ ಕೈಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪರದೆ ಇದೆ. ಇದಕ್ಕೆ ಕಾರ್ನಿಯಾ ಎಂದು ಹೆಸರು. ತಮಿಳಿನಲ್ಲಿ ಕರುವಿಳಿ ಅನ್ನುತ್ತಾರೆ. ಇದರ ದಪ್ಪ ನಡುಭಾಗದಲ್ಲಿ ಅರ್ಧ ಮಿಲಿಮೀಟರ್‌ನಷ್ಟು ಮಾತ್ರ. ಕಣ್ಣಿನೊಳಗೆ ಹೋಗುವ ಬೆಳಕನ್ನು ಬಾಗಿಸಿ ಒಂದೆಡೆ ಸೇರಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಇದರದೇ.

ಇದರಲ್ಲಿ ರಕ್ತನಾಳಗಳಿಲ್ಲ. ರಕ್ತ ಹರಿದರೆ ಗಾಜು ಗಾಜಾಗಿ ಉಳಿಯುವುದಿಲ್ಲ. ಹಾಗಾಗಿ ಇದು ತನಗೆ ಬೇಕಾದ ಆಮ್ಲಜನಕವನ್ನು ಹೊರಗಿನ ಗಾಳಿಯಿಂದ ಕಣ್ಣೀರಿನ ಮೂಲಕವೂ, ಪೋಷಣೆಯನ್ನು ಮುಖ್ಯವಾಗಿ ಕಣ್ಣಿನೊಳಗಿನ ದ್ರವದಿಂದಲೂ ಪಡೆಯುತ್ತದೆ. ಕೈಕಾಲಿಗೆ ಗಾಯವಾದರೆ ರಕ್ತ ಬಂದು, ಹೆಪ್ಪುಗಟ್ಟಿ, ಹೊಪ್ಪಳೆ ಕಟ್ಟಿ ಮಾಯುತ್ತದೆ. ಕಾರ್ನಿಯಾಕ್ಕೆ ಆ ಸೌಲಭ್ಯ ಇಲ್ಲ. ಅದು ತನ್ನದೇ ದಾರಿಯಲ್ಲಿ ಮಾಯಬೇಕು.

ಅರ್ಥಮಾಡಿಕೊಳ್ಳಲು ಇದನ್ನು ಮೂರು ಪದರಗಳಾಗಿ ಎಣಿಸಿದರೆ ಸಾಕು. ಹೊರಗೆ ಐದರಿಂದ ಏಳು ಸಾಲು ಜೀವಕೋಶಗಳ ತೆಳುವಾದ ಹೊರಪದರ. ನಡುವೆ ದಪ್ಪನೆಯ ನಡುಪದರ, ಕಾರ್ನಿಯಾದ ಬಹುಪಾಲು ಇದೇ. ಒಳಗೆ, ಒಂದೇ ಸಾಲು ಜೀವಕೋಶಗಳ ಒಳಪದರ. ಈ ಪದರಗಳ ನಡುವೆ ತೆಳು ಪೊರೆಗಳೂ ಇವೆ. ಮೂರು ಪದರಗಳೂ ಮಾಯುವ ಬಗೆ ಬೇರೆ ಬೇರೆ, ವಯಸ್ಸು ಅವುಗಳ ಮೇಲೆ ಬೀರುವ ಪರಿಣಾಮವೂ ಬೇರೆ ಬೇರೆ.

ಗಾಯ ಮಾಯುವ ಮೂರು ದಾರಿ

ಹೊರಪದರ ದೇಹದಲ್ಲೇ ಬೇಗ ಮಾಯುವ ಭಾಗಗಳಲ್ಲಿ ಒಂದು. ಆರೋಗ್ಯವಂತರಲ್ಲಿ ಈ ಪದರ ಇಡಿಯಾಗಿ 7ರಿಂದ 10 ದಿನಕ್ಕೊಮ್ಮೆ ಹೊಸದಾಗುತ್ತಿರುತ್ತದೆ. ಗೀರು ಬಿದ್ದರೆ ಕೆಲವು ಗಂಟೆಗಳಲ್ಲೇ ಸುತ್ತಲಿನ ಜೀವಕೋಶಗಳು ಚಪ್ಪಟೆಯಾಗಿ, ತೆವಳಿಕೊಂಡು ಬಂದು, ಬಯಲಾದ ಜಾಗವನ್ನು ಮುಚ್ಚತೊಡಗುತ್ತವೆ. ಚಿಕ್ಕ ಗೀರು ಒಂದರಿಂದ ಮೂರು ದಿನದೊಳಗೆ ಮುಚ್ಚುತ್ತದೆ. ಕಲೆಯೂ ಉಳಿಯುವುದಿಲ್ಲ.

ಆದರೆ ಮುಚ್ಚುವುದು ಬೇರೆ, ಗಟ್ಟಿಯಾಗಿ ಅಂಟಿಕೊಳ್ಳುವುದು ಬೇರೆ. ಹೊಸದಾಗಿ ಬಂದ ಕೋಶಗಳು ಕೆಳಗಿನ ಪೊರೆಗೆ ಬಿಗಿಯಾಗಿ ಅಂಟಲು ವಾರಗಳೇ ಬೇಕು. ಹೊಸ ಗಾರೆ ನೆಲ ನೋಡಲು ಒಣಗಿದಂತಿದ್ದರೂ ಒಳಗೆ ಹಸಿಯಾಗಿರುವಂತೆ. ಈ ಅವಧಿಯಲ್ಲಿ ಕಣ್ಣು ಉಜ್ಜಿದರೆ ಮೇಲಿನ ಪದರ ಮತ್ತೆ ಕಿತ್ತುಬರಬಹುದು.

ನಡುಪದರಕ್ಕೆ ಗಾಯ ಇಳಿದರೆ ಸುಲಭವಲ್ಲ. ಇಲ್ಲಿ ಕೊಲಾಜೆನ್ ಎಂಬ ನಾರುಗಳು ಮಗ್ಗದ ಎಳೆಗಳಂತೆ ಒಂದೇ ಅಳತೆಯ ಅಂತರದಲ್ಲಿ ಜೋಡಣೆಯಾಗಿವೆ. ಗಾಜಿನಂಥ ಪಾರದರ್ಶಕತೆ ಬಂದಿರುವುದೇ ಈ ಶಿಸ್ತಿನಿಂದ. ಗಾಯವಾದಾಗ ಅಲ್ಲಿನ ಜೀವಕೋಶಗಳು ರೂಪ ಬದಲಿಸಿ ಅವಸರದಲ್ಲಿ ಹೊಸ ನಾರು ಹೆಣೆಯುತ್ತವೆ. ಆ ನೇಯ್ಗೆಗೆ ಮೊದಲಿನ ಶಿಸ್ತು ಇರುವುದಿಲ್ಲ. ಹಿರಿಯರು ಹೇಳುವ ಹೂ ಎಂದರೆ ಈ ಒರಟು ನೇಯ್ಗೆಯೇ.

ಒಳಪದರದ್ದು ಇನ್ನೊಂದು ಬಗೆ. ಕಾರ್ನಿಯಾದೊಳಗೆ ಸೇರುವ ನೀರನ್ನು ಹಗಲೂ ರಾತ್ರಿ ಹೊರಗೆ ಎತ್ತಿಹಾಕುವ ಪಂಪ್‌ಸೆಟ್ ಕೆಲಸ ಇದರದು. ಇಲ್ಲಿನ ಕೋಶಗಳು ಮನುಷ್ಯರಲ್ಲಿ ಸಾಮಾನ್ಯವಾಗಿ ಮತ್ತೆ ಹುಟ್ಟುವುದಿಲ್ಲ. ಕೆಲವು ಸತ್ತರೆ ಉಳಿದವು ಅಗಲವಾಗಿ ಹರಡಿಕೊಂಡು ಖಾಲಿ ಜಾಗ ತುಂಬುತ್ತವೆ. ಹತ್ತು ಜನ ಮಾಡುತ್ತಿದ್ದ ಕೆಲಸವನ್ನು ಎಂಟು ಜನ ಹಂಚಿಕೊಂಡಂತೆ.

ವಯಸ್ಸು ಮಾಡುವ ಕೆಲಸ

ಒಂದು ಮಾತು ಮೊದಲೇ ಹೇಳಬೇಕು. ವಯಸ್ಸಾದ ಮಾತ್ರಕ್ಕೆ ಕಣ್ಣಿನ ಗಾಯ ಮಾಯುವುದೇ ಇಲ್ಲ ಎಂದಲ್ಲ. ಆರೋಗ್ಯವಾಗಿರುವ ಎಪ್ಪತ್ತರ ಕಣ್ಣಿನಲ್ಲೂ ಚಿಕ್ಕ ಗೀರು ಮಾಯುತ್ತದೆ. ಆದರೆ ವಯಸ್ಸಿನೊಂದಿಗೆ ಹಲವು ಸಣ್ಣಪುಟ್ಟ ಕೊರತೆಗಳು ಒಟ್ಟಿಗೇ ಬಂದು ಕೂರುತ್ತವೆ. ಒಂದೊಂದೂ ಚಿಕ್ಕದೇ, ಕೂಡಿದಾಗ ದೊಡ್ಡದು.

ಮೊದಲನೆಯದು ಬೀಜದ ಕಣಜ. ಕಣ್ಣಿನ ಕಪ್ಪು ಮತ್ತು ಬಿಳುಪು ಸೇರುವ ಅಂಚಿನಲ್ಲಿ ಮೂಲಕೋಶಗಳಿವೆ. ಹೊರಪದರಕ್ಕೆ ಬೇಕಾದ ಹೊಸ ಕೋಶಗಳು ಹುಟ್ಟಿ ಬರುವುದು ಇಲ್ಲಿಂದಲೇ. ವಯಸ್ಸಾದಂತೆ ಈ ಅಂಚಿನ ರಚನೆ ಸವೆಯುತ್ತದೆ, ಹೊಸ ಕೋಶಗಳ ಪೂರೈಕೆ ಮಂದವಾಗುತ್ತದೆ.

ಅಂದಹಾಗೆ, ಹಿರಿಯರ ಕಣ್ಣಿನ ಇದೇ ಅಂಚಿನಲ್ಲಿ ಬೂದು ಬಿಳುಪಿನ ಬಳೆಯೊಂದು ಕಾಣುವುದುಂಟು. ಅದು ಕೊಬ್ಬಿನ ಅಂಶ ಕೂಡುವುದರಿಂದ ಬರುವ ವಯಸ್ಸಿನ ಗುರುತು. ಅದು ಹುಣ್ಣೂ ಅಲ್ಲ, ಹೂವೂ ಅಲ್ಲ, ದೃಷ್ಟಿಗೆ ಅಡ್ಡಿಯೂ ಇಲ್ಲ.

ಎರಡನೆಯದು ಕಣ್ಣೀರು. ಕಣ್ಣೀರು ಬರೀ ನೀರಲ್ಲ. ಕ್ರಿಮಿಗಳನ್ನು ಕೊಲ್ಲುವ ಅಂಶ, ಗಾಯ ಮಾಯಿಸುವ ಅಂಶ ಎರಡೂ ಅದರಲ್ಲಿವೆ. ವಯಸ್ಸಾದಂತೆ ಕಣ್ಣೀರು ಕಡಿಮೆಯಾಗುತ್ತದೆ. ರೆಪ್ಪೆಯಂಚಿನ ಗ್ರಂಥಿಗಳು ಒಸರುವ ಎಣ್ಣೆಯೂ ಕೆಡುವುದರಿಂದ ಇದ್ದ ಕಣ್ಣೀರು ಬೇಗ ಆರುತ್ತದೆ. ಋತುಬಂಧ ಕಳೆದ ಹೆಂಗಸರಲ್ಲಿ ಇದು ಹೆಚ್ಚು. ಸೌದೆ ಒಲೆಯ ಹೊಗೆ ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ಒಣಗಿದ ನೆಲದಲ್ಲಿ ಪೈರು ಹಬ್ಬುವುದು ನಿಧಾನ.

ಮೂರನೆಯದು ರೆಪ್ಪೆ. ವಯಸ್ಸಾದವರ ಕೆಳರೆಪ್ಪೆ ಸಡಿಲವಾಗಿ ಹೊರಕ್ಕೆ ಜೋಲುವುದುಂಟು, ಒಳಕ್ಕೆ ಮಡಚಿಕೊಳ್ಳುವುದೂ ಉಂಟು. ಒಳಕ್ಕೆ ಮಡಚಿದರೆ ರೆಪ್ಪೆಯ ಕೂದಲೇ ದಿನವಿಡೀ ಕಾರ್ನಿಯಾವನ್ನು ಗೀಚುತ್ತದೆ. ಹೊರಗಿನ ಮುಳ್ಳು ಒಮ್ಮೆ ತಾಗಿದರೆ ಈ ಮುಳ್ಳು ಪ್ರತಿ ಬಾರಿ ಕಣ್ಣು ಮಿಟುಕಿಸಿದಾಗಲೂ ತಾಗುತ್ತದೆ.

ನಾಲ್ಕನೆಯದು ಅಂಟು. ಹೊರಪದರ ಕೂತಿರುವ ತಳದ ಪೊರೆ ವಯಸ್ಸಿನೊಂದಿಗೆ ದಪ್ಪವಾಗಿ ಏರುಪೇರಾಗುತ್ತದೆ. ಹೊಸ ಕೋಶಗಳು ಬಂದರೂ ಬಿಗಿಯಾಗಿ ಅಂಟುವುದಿಲ್ಲ. ಮಾಯಿತು ಎಂದುಕೊಂಡ ಗೀರು ತಿಂಗಳ ನಂತರ ಒಂದು ಬೆಳಗ್ಗೆ ಕಣ್ಣು ತೆರೆಯುವಾಗ ಚುಳ್ ಎಂದು ಮತ್ತೆ ಕಿತ್ತುಬರುವುದು ಈ ಕಾರಣಕ್ಕೆ.

ಐದನೆಯದು ಒಳಗಿನ ಪಂಪ್‌ಸೆಟ್. ಎಳೆಯ ಮಕ್ಕಳ ಒಳಪದರದಲ್ಲಿ ಒಂದು ಚದರ ಮಿಲಿಮೀಟರ್ ಜಾಗಕ್ಕೆ 3,500ಕ್ಕಿಂತ ಹೆಚ್ಚು ಕೋಶಗಳಿರುತ್ತವೆ. ದೊಡ್ಡವರಾದ ಮೇಲೆ ವರ್ಷಕ್ಕೆ ಸರಾಸರಿ ಶೇಕಡಾ 0.6ರಂತೆ ಇಳಿಯುತ್ತಾ ಹೋಗುತ್ತದೆ. ಸಾಮಾನ್ಯವಾಗಿ ವೃದ್ಧಾಪ್ಯದಲ್ಲೂ ಸುಮಾರು 2,000 ಉಳಿದಿರುತ್ತವೆ, ಅಷ್ಟು ಸಾಕು. ಆದರೆ ಪೆಟ್ಟು, ಸೋಂಕು, ಶಸ್ತ್ರಚಿಕಿತ್ಸೆ ಇವುಗಳಿಂದ ಸಂಖ್ಯೆ 500ರ ಆಸುಪಾಸಿಗೆ ಇಳಿದರೆ ಕಾರ್ನಿಯಾದಲ್ಲಿ ನೀರು ನಿಂತು ಮಂಜು ಕವಿದ ಗಾಜಿನಂತಾಗುತ್ತದೆ.

ಇವೆಲ್ಲದರ ಮೇಲೆ ಸಕ್ಕರೆ ಕಾಯಿಲೆ. ಇದು ಕಣ್ಣಿನ ಹಿಂದಿನ ನರಪಟಲವನ್ನು ಕೆಡಿಸುತ್ತದೆ ಎಂಬುದು ಈಗ ಬಹಳ ಜನಕ್ಕೆ ಗೊತ್ತು. ಮುಂದಿನ ಕಾರ್ನಿಯಾವನ್ನೂ ಅದು ಬಿಡುವುದಿಲ್ಲ. ಹೊರಪದರದ ಅಂಟು ಸಡಿಲವಾಗುತ್ತದೆ, ಸೂಕ್ಷ್ಮ ನರಗಳು ಸಾಯುತ್ತವೆ, ಗಾಯ ಮಾಯುವುದು ತಡವಾಗುತ್ತದೆ. ಕಾಲಿನ ಹುಣ್ಣು ಮಾಯದ ಸಕ್ಕರೆ ರೋಗಿಯ ಕಣ್ಣಿನ ಗೀರೂ ಬೇಗ ಮಾಯುವುದಿಲ್ಲ ಎಂದು ನೆನಪಿಟ್ಟುಕೊಂಡರೆ ಸಾಕು.

ನೋವಿಲ್ಲ ಎಂಬ ಮೋಸ

ಮೇಲಿನ ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಇನ್ನೊಂದಿದೆ, ಅದು ನರಗಳದು.

ಕಾರ್ನಿಯಾ ದೇಹದಲ್ಲೇ ಅತಿ ಹೆಚ್ಚು ನರಗಳಿರುವ ಜಾಗ. ಚರ್ಮಕ್ಕಿಂತ ನೂರಾರು ಪಟ್ಟು ಹೆಚ್ಚು ನರತುದಿಗಳು ಇಲ್ಲಿವೆ. ಅದಕ್ಕೇ ಒಂದು ಕಣ ಧೂಳು ಬಿದ್ದರೂ ಕಣ್ಣು ತೆರೆಯಲು ಆಗುವುದಿಲ್ಲ. ಈ ನೋವು ಒಂದು ಕಾವಲು. ಕಣ್ಣು ಮುಚ್ಚಿಸುತ್ತದೆ, ನೀರು ತರಿಸುತ್ತದೆ, ಆಸ್ಪತ್ರೆಗೆ ಓಡಿಸುತ್ತದೆ.

ವಯಸ್ಸಾದಂತೆ ಈ ಕಾವಲುಗಾರ ತೂಕಡಿಸತೊಡಗುತ್ತಾನೆ. ಕಾರ್ನಿಯಾದ ಸ್ಪರ್ಶಜ್ಞಾನ ವಯಸ್ಸಿನೊಂದಿಗೆ ಇಳಿಯುತ್ತದೆ ಎಂಬುದನ್ನು ಮಿಶೆಲ್ ಮಿಲ್ಲೋಡೋ ಎಂಬ ವಿಜ್ಞಾನಿ 1977ರಲ್ಲೇ ಅಳೆದು ತೋರಿಸಿದ್ದರು. ಯುವಕರಿಗೆ ತಿಳಿಯುವ ನವಿರಾದ ಸ್ಪರ್ಶ ಮುದುಕರಿಗೆ ತಿಳಿಯಬೇಕಾದರೆ ಹೆಚ್ಚು ಒತ್ತಡ ಬೇಕು. ಸಕ್ಕರೆ ಕಾಯಿಲೆ ಇದ್ದರೆ, ಹಿಂದೆ ಕಣ್ಣಿನ ಸುತ್ತ ಸರ್ಪಸುತ್ತು ಎದ್ದಿದ್ದರೆ, ಕಣ್ಣಿಗೆ ಶಸ್ತ್ರಚಿಕಿತ್ಸೆ ಆಗಿದ್ದರೆ ಈ ಜ್ಞಾನ ಇನ್ನೂ ಕಡಿಮೆ.

ಇನ್ನೊಂದು ವಿಷಯ. ಈ ನರಗಳು ನೋವು ಹೇಳುವುದಷ್ಟೇ ಅಲ್ಲ, ಕಾರ್ನಿಯಾದ ಕೋಶಗಳನ್ನು ಪೋಷಿಸುವ ಅಂಶಗಳನ್ನೂ ಒಸರುತ್ತವೆ. ನರ ಸೊರಗಿದರೆ ಗಾಯ ಮಾಯುವುದೂ ಸೊರಗುತ್ತದೆ. ಅಂದರೆ ಯಾವ ಕಣ್ಣಿಗೆ ನೋವು ಕಡಿಮೆಯೋ ಅದೇ ಕಣ್ಣು ಮಾಯುವುದೂ ನಿಧಾನ. ನೋವಿಲ್ಲದಿರುವುದು ಒಳ್ಳೆಯ ಸುದ್ದಿ ಅಲ್ಲ, ಕೆಲವೊಮ್ಮೆ ಅದೇ ಕೆಟ್ಟ ಸುದ್ದಿ.

ಗೀರು ಹುಣ್ಣಾಗುವುದು ಹೇಗೆ?

ಹೊರಪದರ ಮುಚ್ಚಿರುವವರೆಗೆ ಹೆಚ್ಚಿನ ಕ್ರಿಮಿಗಳು ಕಾರ್ನಿಯಾದ ಒಳಗೆ ಹೋಗಲಾರವು. ಗೀರು ಬಿದ್ದರೆ ಬಾಗಿಲು ತೆರೆದಂತೆ. ಯುವಕರಲ್ಲಿ ಬಾಗಿಲು ಬೇಗ ಮುಚ್ಚುತ್ತದೆ. ವಯಸ್ಸಾದವರಲ್ಲಿ ಅದು ಹೆಚ್ಚು ಹೊತ್ತು ತೆರೆದೇ ಇರುತ್ತದೆ. ವ್ಯತ್ಯಾಸ ಇಷ್ಟೇ, ಪರಿಣಾಮ ಮಾತ್ರ ಬಹಳ.

ಬೆಳೆಯ ಎಲೆ, ಕಡ್ಡಿ, ಮಣ್ಣು ತಾಗಿದಾಗ ಬ್ಯಾಕ್ಟೀರಿಯಾ ಜೊತೆಗೆ ಶಿಲೀಂಧ್ರಗಳೂ, ಅಂದರೆ ಬೂಸ್ಟಿನ ಜಾತಿಯ ಕ್ರಿಮಿಗಳೂ ಒಳಸೇರುತ್ತವೆ. ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬವು ದಕ್ಷಿಣ ಭಾರತದ ರೈತರ ಕಣ್ಣುಗಳಲ್ಲಿ ಹೆಚ್ಚಾಗಿ ಸಿಗುವ ಶಿಲೀಂಧ್ರಗಳು. ಇವು ನಡುಪದರವನ್ನು ಕೊರೆಯುತ್ತಾ ಹೋದರೆ ಅದೇ ಕಾರ್ನಿಯಾ ಹುಣ್ಣು. ಬಹಳ ಆಳಕ್ಕೆ ಇಳಿದರೆ ಕಾರ್ನಿಯಾ ತೂತಾಗಿ ಕಣ್ಣೇ ಹೋಗಬಹುದು. ಇಂಥ ಹುಣ್ಣುಗಳಲ್ಲಿ ರೋಗಿಯ ವಯಸ್ಸು ಹೆಚ್ಚಿದ್ದಷ್ಟೂ ಕೊನೆಗೆ ಉಳಿಯುವ ದೃಷ್ಟಿ ಕಡಿಮೆ ಎಂಬುದು ವೈದ್ಯರ ಅನುಭವ.

ಇದು ಎಲ್ಲೋ ದೂರದ ಮಾತಲ್ಲ. ಮದುರೈ ಜಿಲ್ಲೆಯಲ್ಲಿ 1993ರಲ್ಲಿ ಲಕ್ಷ ಜನಕ್ಕೆ 113 ಮಂದಿಗೆ ಕಾರ್ನಿಯಾ ಹುಣ್ಣಾಗಿತ್ತು ಎಂದು 1996ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತು. ಅಮೆರಿಕದ ಒಂದು ಕೌಂಟಿಯ ಲೆಕ್ಕದಲ್ಲಿ ಅದು ಲಕ್ಷಕ್ಕೆ 11. ಅಂದರೆ ಹತ್ತು ಪಟ್ಟು ವ್ಯತ್ಯಾಸ! 1994ರಲ್ಲಿ ಮೂರು ತಿಂಗಳ ಅವಧಿಯಲ್ಲಿ ಮದುರೈ ಅರವಿಂದ್ ಕಣ್ಣಿನ ಆಸ್ಪತ್ರೆಗೆ ಹುಣ್ಣಿನಿಂದ ಬಂದ 434 ಮಂದಿಯ ಪೈಕಿ ಶೇಕಡಾ 65 ಮಂದಿಗೆ ಮೊದಲು ಕಣ್ಣಿಗೆ ಏನೋ ತಾಗಿತ್ತು. ಅವರಲ್ಲಿ ಹೆಚ್ಚಿನವರಿಗೆ ತಾಗಿದ್ದು ಬೇಸಾಯದ ಕೆಲಸದಲ್ಲಿ. ದೇಶದಲ್ಲಿ 50 ದಾಟಿದವರ ಅಂಧತ್ವಕ್ಕೆ ಪೊರೆ ಮೊದಲ ಕಾರಣವಾದರೆ ಕಾರ್ನಿಯಾದ ಕಲೆ ಎರಡನೆಯದು ಎಂದು 2015-19ರ ರಾಷ್ಟ್ರೀಯ ಸಮೀಕ್ಷೆ ಹೇಳಿದೆ.

ಪೊರೆಗೂ ಹೂವಿಗೂ ವ್ಯತ್ಯಾಸ ಗೊತ್ತಿರಬೇಕು. ಪೊರೆ, ತಮಿಳಿನ ಕಣ್‌ಪುರೈ, ಕಣ್ಣಿನೊಳಗಿನ ಮಸೂರದಲ್ಲಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಕಣ್ಣು ಕೆಂಪಾಗುವುದಿಲ್ಲ. ಅದಕ್ಕೆ ಕಾಯಬಹುದು. ಹುಣ್ಣು ದಿನಗಳಲ್ಲಿ ಬೆಳೆಯುತ್ತದೆ, ಸಾಮಾನ್ಯವಾಗಿ ಕಣ್ಣು ಕೆಂಪಾಗುತ್ತದೆ. ಅದಕ್ಕೆ ಕಾಯುವಂತಿಲ್ಲ. ‘ವಯಸ್ಸಾಯಿತು, ಪೊರೆ ಬಂದಿರಬೇಕು, ಕ್ಯಾಂಪ್ ಬಂದಾಗ ತೋರಿಸೋಣ’ ಎಂದು ಹುಣ್ಣನ್ನು ಪೊರೆ ಎಂದುಕೊಂಡು ಕಾದರೆ ಕಣ್ಣು ಉಳಿಯುವುದು ಕಷ್ಟ.

ಹದಿನೆಂಟು ಗಂಟೆಯ ಲೆಕ್ಕ

ಹಾಗಾದರೆ ಎಷ್ಟು ಹೊತ್ತಿನೊಳಗೆ ತೋರಿಸಬೇಕು? ನೇಪಾಳದ ಭಕ್ತಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಂದು ಅಳತೆ ಕೊಟ್ಟಿದೆ. ಸುಮಾರು 35 ಸಾವಿರ ಜನರಿರುವ ಹಳ್ಳಿಗಳಲ್ಲಿ ಎರಡು ವರ್ಷ ಆರೋಗ್ಯ ಕಾರ್ಯಕರ್ತರು ಕಣ್ಣಿನ ಗೀರುಗಳನ್ನು ಹುಡುಕಿ, ಶೇಕಡಾ 1ರ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಬಾರಿಯಂತೆ ಮೂರು ದಿನ ಹಾಕಿಸಿದರು. ಹೀಗೆ ಚಿಕಿತ್ಸೆ ಪಡೆದ 442 ಗೀರುಗಳಲ್ಲಿ ಶೇಕಡಾ 96ರಷ್ಟು ಹುಣ್ಣಾಗದೆ ಮಾಯಿದವು. ಪೆಟ್ಟಾಗಿ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ತಡವಾಗಿ ಬಂದವರಲ್ಲೇ ಹುಣ್ಣು ಕಾಣಿಸಿಕೊಂಡಿತು.

ಇದೇ ಕ್ರಮವನ್ನು ಮುಂದೆ ನೇಪಾಳದಲ್ಲೇ ದೊಡ್ಡ ಪ್ರಮಾಣದಲ್ಲಿ ಪ್ರಯೋಗ ಮಾಡಿದಾಗ ಇಡೀ ಪ್ರದೇಶದ ಲೆಕ್ಕದಲ್ಲಿ ಹುಣ್ಣುಗಳು ಕಡಿಮೆಯಾದದ್ದು ಕಾಣಲಿಲ್ಲ. ಹಾಗಾಗಿ ಮುಲಾಮು ಹಂಚಿದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವಂತಿಲ್ಲ. ಆದರೆ ಗೀರು ತಾಗಿದ ಒಬ್ಬ ವ್ಯಕ್ತಿಯ ಮಟ್ಟಿಗೆ ಬೇಗ ಬಂದಷ್ಟೂ ಒಳ್ಳೆಯದು ಎಂಬುದರಲ್ಲಿ ವೈದ್ಯರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಬೆಳಗ್ಗೆ 10 ಗಂಟೆಗೆ ಕಬ್ಬಿನ ಗರಿ ತಾಗಿದರೆ 18 ಗಂಟೆ ತುಂಬುವುದು ಮರುದಿನ ನಸುಕಿನ 4ಕ್ಕೆ. ಅಂದರೆ ಅದೇ ದಿನ ಹೊರಡಬೇಕು ಎಂದರ್ಥ. 27 ತಿರುವುಗಳ ದಿಂಬಂ ಘಾಟಿ, ಆನೆ ಓಡಾಡುವ ಕಾಡುದಾರಿ, 2022ರಿಂದ ಜಾರಿಗೆ ಬಂದ ರಾತ್ರಿ ವಾಹನ ನಿರ್ಬಂಧ ಇವೆಲ್ಲ ಬಲ್ಲ ಹಾಸನೂರಿನವರಿಗೆ ‘ರಾತ್ರಿ ನೋಡೋಣ’ ಎನ್ನುವುದರ ಕಷ್ಟ ಬೇರೆ ಹೇಳಬೇಕಾಗಿಲ್ಲ.

ಮಾಡಬೇಕಾದ್ದು, ಮಾಡಬಾರದ್ದು

* ಕಣ್ಣಿಗೆ ಏನಾದರೂ ತಾಗಿದರೆ ಉಜ್ಜಬೇಡಿ. ಧೂಳು ಬಿದ್ದಿದ್ದರೆ ಕುಡಿಯುವ ಶುದ್ಧ ನೀರಿನಿಂದ ತೊಳೆಯಿರಿ. ಚುಚ್ಚಿಕೊಂಡ ಮುಳ್ಳನ್ನು ಮನೆಯಲ್ಲಿ ಕೀಳಬೇಡಿ.

* ಸೆರಗಿನ ತುದಿ, ನಾಲಿಗೆ, ಹುಲ್ಲುಕಡ್ಡಿಯಿಂದ ಕಸ ತೆಗೆಸಬೇಡಿ. ಊರಿನಲ್ಲಿ ಕೈಗುಣ ಇರುವವರಿದ್ದರೂ ಗೀರು ಬಿದ್ದ ಕಣ್ಣಿಗೆ ಇದು ಹೊಸ ಕ್ರಿಮಿ ಸೇರಿಸಿದಂತೆ.

* ನಂದಿಬಟ್ಟಲಿನ ರಸ, ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಬಿಡಬೇಡಿ. ಹಿರಿಯರ ನಂಬಿಕೆಗೆ ಗೌರವ ಇರಲಿ. ಆದರೆ ಹೊರಪದರ ಕಿತ್ತುಹೋದ ಕಣ್ಣಿಗೆ ಕುದಿಸದ ಯಾವ ರಸವೂ ಕ್ರಿಮಿಯಿಂದ ಮುಕ್ತವಲ್ಲ.

* ಮನೆಯಲ್ಲಿ ಉಳಿದ ಹಳೆಯ ಹನಿ ಔಷಧ ಬೇಡ. ಅಂಗಡಿಯಲ್ಲಿ ‘ಕೆಂಪು ಕಣ್ಣಿಗೆ ಕೊಡಿ’ ಎಂದು ಕೇಳಿ ತರುವುದಂತೂ ಬೇಡವೇ ಬೇಡ. ಅಂಥ ಕೆಲವು ಹನಿಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಅದು ಕೆಂಪನ್ನು ಇಳಿಸಿ ಗುಣವಾದಂತೆ ತೋರಿಸುತ್ತದೆ, ಒಳಗೆ ಬೂಸ್ಟನ್ನು ಬೆಳೆಸುತ್ತದೆ, ಗಾಯ ಮಾಯುವುದನ್ನೂ ತಡೆಯುತ್ತದೆ. ಬ್ಯಾಕ್ಟೀರಿಯಾ ಹುಣ್ಣಿಗೆ ವೈದ್ಯರ ಕಣ್ಗಾವಲಿನಲ್ಲೇ ಆಂಟಿಬಯೋಟಿಕ್ ಜೊತೆ ಸ್ಟೆರಾಯ್ಡ್ ಕೊಟ್ಟು 500 ರೋಗಿಗಳಲ್ಲಿ ನಡೆಸಿದ ಪರೀಕ್ಷೆಯಲ್ಲೂ ಒಟ್ಟಾರೆ ಲಾಭ ಕಾಣಲಿಲ್ಲ ಎಂದು 2012ರಲ್ಲಿ ಪ್ರಕಟವಾಗಿದೆ.

* ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ಎಲೆ, ಕಡ್ಡಿ ತಾಗಿದ ಕಣ್ಣನ್ನು ಮುಚ್ಚಿಟ್ಟರೆ ಕ್ರಿಮಿಗೆ ಬೆಚ್ಚನೆಯ ಗೂಡಾಗುತ್ತದೆ.

* 60 ದಾಟಿದವರು, ಸಕ್ಕರೆ ಕಾಯಿಲೆಯವರು ನೋವು ಇರಲಿ ಇಲ್ಲದಿರಲಿ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ. ಕೆಂಪು, ಮಂಜು ನೋಟ, ಬೆಳಕು ನೋಡಲಾಗದಿರುವುದು, ಪಿಸುರು, ಕಪ್ಪು ಭಾಗದಲ್ಲಿ ಬಿಳಿ ಚುಕ್ಕೆ ಇವುಗಳಲ್ಲಿ ಒಂದು ಕಂಡರೂ ಕಣ್ಣಿನ ವೈದ್ಯರನ್ನೇ ನೋಡಬೇಕು.

ವೈದ್ಯರು ಮಾಡುವ ಪರೀಕ್ಷೆ ಸರಳ. ಕಿತ್ತಳೆ ಬಣ್ಣದ ಫ್ಲೋರೆಸಿನ್ ಕಾಗದದ ತುದಿಯನ್ನು ಕಣ್ಣಿಗೆ ಮುಟ್ಟಿಸಿ ನೀಲಿ ಬೆಳಕು ಬಿಡುತ್ತಾರೆ. ಗೀರು ಇದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ನೋವಾಗುವುದಿಲ್ಲ. ಹುಣ್ಣಾಗಿದ್ದರೆ ಅದನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಬ್ಯಾಕ್ಟೀರಿಯಾವೋ ಶಿಲೀಂಧ್ರವೋ ಎಂದು ತಿಳಿಯುತ್ತಾರೆ. ಎರಡಕ್ಕೂ ಔಷಧ ಬೇರೆ. ಶಿಲೀಂಧ್ರದ ಹುಣ್ಣಿಗೆ ನಟಾಮೈಸಿನ್ ಹನಿಯನ್ನು ಮೊದಮೊದಲು ಗಂಟೆಗೊಮ್ಮೆ, ನಂತರ ಹಲವು ವಾರ ಹಾಕಬೇಕಾಗುತ್ತದೆ. ಮಧ್ಯದಲ್ಲಿ ನಿಲ್ಲಿಸಬಾರದು. ಒಬ್ಬರೇ ಇರುವ ಅಜ್ಜಿಗೆ ಗಂಟೆಗೊಮ್ಮೆ ಹನಿ ಹಾಕುವವರು ಯಾರು ಎಂಬುದನ್ನು ಮನೆಯವರು ಮೊದಲೇ ಗೊತ್ತುಮಾಡಿಕೊಳ್ಳುವುದು ಔಷಧದಷ್ಟೇ ಮುಖ್ಯ.

ಹಾಸನೂರು ಸುತ್ತಿನವರಿಗೆ ಎರಡೂ ಕಡೆ ದಾರಿ ಇದೆ. ಘಾಟಿ ಇಳಿದರೆ ಸತ್ಯಮಂಗಲ, ಮುಂದೆ ಕೊಯಮತ್ತೂರಿನ ಅರವಿಂದ್ ಕಣ್ಣಿನ ಆಸ್ಪತ್ರೆ. ಈಚೆ ಬಂದರೆ ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮುಂದೆ ಮೈಸೂರಿನ ಕೆ.ಆರ್. ಆಸ್ಪತ್ರೆ. 108 ಆಂಬುಲೆನ್ಸ್ ಎರಡೂ ರಾಜ್ಯಗಳಲ್ಲಿದೆ. ಯಾವ ಕಡೆಗೆ ಬಸ್ಸು ಮೊದಲು ಸಿಗುತ್ತದೋ ಆ ಕಡೆಗೆ ಹೋಗುವುದೇ ಸರಿ. ತಮಿಳುನಾಡಿನಲ್ಲಿ 2021ರ ಆಗಸ್ಟ್‌ನಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಸಕ್ಕರೆ, ರಕ್ತದೊತ್ತಡ ನೋಡಲು ಮನೆಗೇ ಬರುವ ಕಾರ್ಯಕರ್ತೆಯರಿಗೆ ಕಣ್ಣಿನ ವಿಷಯವನ್ನೂ ಹೇಳಬಹುದು.

ತಡೆಯುವ ಉಪಾಯ ಇನ್ನೂ ಅಗ್ಗ. ಕಬ್ಬು ಕಡಿಯುವಾಗ, ಜೋಳ ಬಿಡಿಸುವಾಗ, ಒಕ್ಕಣೆ ಮಾಡುವಾಗ, ಬೇಲಿ ಸವರುವಾಗ ಒಂದು ಸಾದಾ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡರೆ ಸಾಕು. ಮುಂಡಾಸು ಕಟ್ಟುವ ಕೈಗೆ ಕನ್ನಡಕ ಹಾಕುವುದು ದೊಡ್ಡ ಕೆಲಸವೇನಲ್ಲ.

ಪೊರೆ ತೆಗೆಸಿಕೊಂಡವರಿಗೆ

ಪೊರೆ ಶಸ್ತ್ರಚಿಕಿತ್ಸೆಯೂ ಕಣ್ಣಿಗೆ ಒಂದು ಗಾಯವೇ, ಆದರೆ ವೈದ್ಯರು ಅಳತೆ ಮಾಡಿ ಮಾಡಿದ ಗಾಯ. ಕಾರ್ನಿಯಾದ ಅಂಚಿನ ಬಳಿ ಚಿಕ್ಕ ಸೀಳು ಮಾಡಿಯೇ ಒಳಗೆ ಹೋಗಬೇಕು. ಆಗ ಒಳಪದರದ ಕೆಲವು ಕೋಶಗಳು ಸಾಯುತ್ತವೆ. ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ. ಮೊದಲೇ ಕೋಶ ಕಡಿಮೆ ಇದ್ದವರಿಗೆ, ತೀರಾ ಹಣ್ಣಾಗಿ ಗಟ್ಟಿಯಾದ ಪೊರೆ ಇದ್ದವರಿಗೆ ಹೆಚ್ಚು ಹಾನಿಯಾಗಬಹುದು. ಪೊರೆಯನ್ನು ಬಹಳ ವರ್ಷ ಬಿಟ್ಟು ತೆಗೆಸುವುದು ಒಳ್ಳೆಯದಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ.

ಶಸ್ತ್ರಚಿಕಿತ್ಸೆಯ ನಂತರ ಕಣ್ಣು ಉಜ್ಜಬೇಡಿ, ತಲೆಗೆ ನೀರು ಹಾಕಬೇಡಿ, ಒಲೆ ಮುಂದೆ ಕೂರಬೇಡಿ ಎಂದು ಹೇಳುವುದು ಸುಮ್ಮನೆ ಅಲ್ಲ. ಹೊರಗೆ ಮಾಯಿದಂತೆ ಕಂಡರೂ ಒಳಗಿನ ಸೀಳು ಗಟ್ಟಿಯಾಗಲು ವಾರಗಳು ಬೇಕು. ಹಾಗೆಂದು ಆ ಹೊತ್ತಿಗೆ ಕೊಟ್ಟ ಹನಿ ಔಷಧವನ್ನು ಇಟ್ಟುಕೊಂಡು ಮುಂದೆ ಗೀರು ತಾಗಿದಾಗ ಹಾಕಿಕೊಳ್ಳಬಾರದು. ಅದರಲ್ಲಿ ಸಾಮಾನ್ಯವಾಗಿ ಸ್ಟೆರಾಯ್ಡ್ ಇರುತ್ತದೆ.

ಗಾಜನೂರಿನ ಕಣ್ಣುಗಳು

ಮಾಯದ ಗಾಯಕ್ಕೆ, ಉಳಿದುಹೋದ ಹೂವಿಗೆ ಪರಿಹಾರವೇ ಇಲ್ಲವೇ? ಇದೆ. ಕಾರ್ನಿಯಾ ಬದಲಾಯಿಸುವುದು. ಅದಕ್ಕೆ ದಾನದ ಕಣ್ಣು ಬೇಕು. ಈ ವಿಷಯದಲ್ಲಿ ತಾಳವಾಡಿ ಸೀಮೆಗೆ ದೂರದ ಉದಾಹರಣೆ ಬೇಕಿಲ್ಲ.

ಗಾಜನೂರಿನಲ್ಲಿ ಹುಟ್ಟಿದ ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು 76ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಅವರ ಹೆಸರಿನ ನೇತ್ರ ಬ್ಯಾಂಕ್ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ 1994ರಿಂದ ಇದೆ. 2021ರ ಅಕ್ಟೋಬರ್ 29ರಂದು ಅವರ ಕಿರಿಯ ಮಗ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಅವರ ಕಣ್ಣುಗಳೂ ಅಲ್ಲಿಗೇ ಸೇರಿದವು.

ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ಚಿಕಿತ್ಸೆ ಆಯಿತು. ಎರಡು ಕಣ್ಣು ನಾಲ್ವರಿಗೆ ಹೇಗೆ? ಮೇಲೆ ಹೇಳಿದ ಪದರಗಳ ಲೆಕ್ಕವೇ ಇದಕ್ಕೆ ಉತ್ತರ. ಪ್ರತಿ ಕಾರ್ನಿಯಾವನ್ನು ವೈದ್ಯರು ಎರಡಾಗಿ ಬಿಡಿಸಿದರು. ಮುಂಭಾಗ ಕೆಟ್ಟವರಿಗೆ ಮುಂಭಾಗ, ಒಳಪದರ ಸೋತವರಿಗೆ ಒಳಭಾಗ. ಯಾವ ಪದರ ಹಾಳಾಗಿದೆಯೋ ಅದನ್ನಷ್ಟೇ ಬದಲಿಸಿದರೆ ಸಾಕೆಂಬ ಈ ಕ್ರಮ ಬಂದ ಮೇಲೆ ಒಂದೊಂದು ದಾನದ ಬೆಲೆ ಹೆಚ್ಚಿದೆ.

ಈಗ ಒಂದು ಅನುಮಾನ ಏಳಬಹುದು. ಮುದುಕರ ಕಾರ್ನಿಯಾ ಸೊರಗಿರುತ್ತದೆ ಎಂದ ಮೇಲೆ ಅವರ ಕಣ್ಣು ದಾನಕ್ಕೆ ಬಂದೀತೇ? ಬರುತ್ತದೆ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ನಡೆದ ಅಧ್ಯಯನವೊಂದು 66ರಿಂದ 75 ವರ್ಷದ ದಾನಿಗಳ ಕಾರ್ನಿಯಾವನ್ನೂ ಅದಕ್ಕಿಂತ ಕಿರಿಯರ ಕಾರ್ನಿಯಾವನ್ನೂ ಹೋಲಿಸಿ ನೋಡಿತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ ಐದು ವರ್ಷದ ನಂತರವೂ ಎರಡೂ ಗುಂಪುಗಳಲ್ಲಿ ಶೇಕಡಾ 86ರಷ್ಟು ಕಸಿಗಳು ಚೆನ್ನಾಗಿಯೇ ಇದ್ದವು. ಬಳಸಲು ಬರುತ್ತದೋ ಇಲ್ಲವೋ ಎಂಬುದನ್ನು ಒಳಪದರದ ಕೋಶಗಳನ್ನು ಎಣಿಸಿ ನೇತ್ರ ಬ್ಯಾಂಕ್ ನಿರ್ಧರಿಸುತ್ತದೆ. ಪೊರೆ ಶಸ್ತ್ರಚಿಕಿತ್ಸೆ ಆದವರು, ಕನ್ನಡಕ ಹಾಕುವವರು, ಸಕ್ಕರೆ ಕಾಯಿಲೆ ಇರುವವರೂ ದಾನ ಮಾಡಬಹುದು. ಸಾವಿನ ನಂತರ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ಕಣ್ಣು ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿಡಬೇಕು.

ಹೊಸ ದಾರಿಗಳೂ ತೆರೆಯುತ್ತಿವೆ. ಒಂದು ಕಣ್ಣಿನ ಅಂಚಿನ ಮೂಲಕೋಶಗಳು ಸುಣ್ಣ ಅಥವಾ ರಾಸಾಯನಿಕ ಬಿದ್ದು ಸುಟ್ಟುಹೋಗಿದ್ದರೆ, ಇನ್ನೊಂದು ಒಳ್ಳೆಯ ಕಣ್ಣಿನಿಂದ ಚೂರೇ ಚೂರು ತೆಗೆದು ನಾಟಿ ಮಾಡುವ ಸರಳ ವಿಧಾನವನ್ನು ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು 2012ರಲ್ಲಿ ಪ್ರಕಟಿಸಿದರು. ಒಳಪದರದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಸೂಜಿಯಿಂದ ಕಣ್ಣಿಗೆ ಸೇರಿಸುವ ಚಿಕಿತ್ಸೆಗೆ ಜಪಾನ್ 2023ರಲ್ಲಿ ಅನುಮತಿ ಕೊಟ್ಟಿತು. ಇವೆಲ್ಲ ಬೆಟ್ಟದ ಹಳ್ಳಿಗೆ ಬರಲು ಹೊತ್ತು ಹಿಡಿಯುತ್ತದೆ.

ಹಳ್ಳಿಯಲ್ಲಿ ಇಂದೇ ಮಾಡಬಹುದಾದ್ದು ಒಂದಿದೆ. ಸಂಜೆ ಹೊಲದಿಂದ ಬಂದ ಅಪ್ಪ ಅಥವಾ ಅಜ್ಜಿ ‘ಕಣ್ಣಿಗೆ ಏನೋ ತಾಗಿತು, ನೋವೇನಿಲ್ಲ’ ಎಂದರೆ ಮನೆಯವರು ಅಲ್ಲಿಗೇ ಬಿಡದೆ ಬೆಳಕಿಗೆ ಕರೆದು ಒಮ್ಮೆ ನೋಡಬೇಕು. ಕೆಂಪಾಗಿದೆಯೇ? ನೀರು ಸುರಿಯುತ್ತಿದೆಯೇ? ಆ ಕಣ್ಣೊಂದನ್ನೇ ತೆರೆದರೆ ಎದುರಿನ ಕ್ಯಾಲೆಂಡರ್ ಮೊದಲಿನಂತೆ ಕಾಣುತ್ತಿದೆಯೇ? ಇಷ್ಟು ಕೇಳಿ, ಏನೂ ಇಲ್ಲವೆಂದು ತೋರಿದರೂ ಮರುದಿನದ ಮೊದಲ ಬಸ್ಸಿಗೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಕೆಂಪೋ ಮಂಜೋ ಕಂಡರೆ ಮರುದಿನಕ್ಕೂ ಕಾಯದೆ ಆಗಲೇ ಹೊರಡಬೇಕು. ಅರ್ಧ ದಿನದ ಕೂಲಿ ಹೋದೀತು, ಕಣ್ಣು ಉಳಿದೀತು.